ನಿಂತ ಬಾಡಿಗೆ

ಫೆಬ್ರುವರಿ ೨, ಭಾನುವಾರ

ಇದು ಬೀಜದ ಕಂಪನಿಯವರು ನಮ್ಮ ಅಂಗಡಿಗೆ ಕೊಟ್ಟ ಡೈರಿ. ಪ್ರತಿ ಪುಟದ ಮೂಲೆಯಲ್ಲೂ ಒಂದು ಮೆಕ್ಕೆಜೋಳದ ತೆನೆ. ನನ್ನ ಗಂಡ ಅರುಣಕುಮಾರ್ ವರ್ಷಾ ವರ್ಷಾ ಇಂಥವನ್ನು ತಂದು ಗುಡ್ಡೆ ಹಾಕುತ್ತಾರೆ, ಒಂದರಲ್ಲೂ ಒಂದಕ್ಷರ ಬರೆಯುವುದಿಲ್ಲ. ಈ ಸಲ ನಾನು ಬರೆಯುತ್ತೇನೆ. ಯಾಕೆಂದರೆ ಇವತ್ತಿನಿಂದ ನಾನು ಬರೀ ಸುಮಲತಾ ಅಲ್ಲ, ಹಗರಿಬೊಮ್ಮನಹಳ್ಳಿಯ ನಮ್ಮ ಸಮಾಜದ ಕಲ್ಯಾಣ ಮಂಟಪದ ಕಾರ್ಯದರ್ಶಿ. ಈ ಕುರ್ಚಿಯಲ್ಲಿ ಹೆಂಗಸು ಕೂತದ್ದು ಇದೇ ಮೊದಲು.

ಕೂತ ದಿನವೇ ಕೈ ತೋರಿಸಿದೆ. ಹಳೆಯ ಖರ್ಚು ನೋಡುತ್ತಿದ್ದಾಗ ಜನರೇಟರಿನ ಬಾಡಿಗೆ ಕಣ್ಣಿಗೆ ಬಿತ್ತು. ಮೊದಲಿನ ಹಾಗೆ ಈಗ ಊರಲ್ಲಿ ಹೊತ್ತಲ್ಲದ ಹೊತ್ತಿಗೆ ಕರೆಂಟು ಹೋಗುವುದಿಲ್ಲ. ಹೋದ ವರ್ಷ ಜನರೇಟರ್ ಓಡಿದ್ದು ಎರಡೋ ಮೂರೋ ಮದುವೆಯಲ್ಲಿ. ಬಾಡಿಗೆ ಮಾತ್ರ ಎಲ್ಲ ಮದುವೆಗೂ ಹೋಗಿದೆ. ಯಾರೂ ಕೇಳಿಯೇ ಇಲ್ಲ!

ಜನರೇಟರಿನ ಚೌಡನನ್ನು ಮೀಟಿಂಗಿಗೇ ಕರೆಸಿದೆ. ಕೂಡ್ಲಿಗಿ ರಸ್ತೆಯ ಕಡೆಯ ಒಂದು ಹಳ್ಳಿಯವನು, ಐವತ್ತರ ಹತ್ತಿರದವನು. ಗಾಲಿ ಹಚ್ಚಿದ ಒಂದು ಜನರೇಟರ್ ಇದೆ, ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತರುತ್ತಾನೆ. ಬಾಗಿಲ ಹತ್ತಿರವೇ ನಿಂತ.

"ಏನಪ್ಪಾ ಚೌಡಾ, ಕರೆಂಟ್ ಹೋಗಲಿಲ್ಲ ಅಂದ್ರ ದಿನಾ ಪೂರಾ ಏನ್ ಮಾಡ್ತೀ?"

"ಕುಂತಿರ್ತೀನ್ರಿ ಅಕ್ಕಾರ. ಹೋದ ಕೂಡ್ಲೇ ಹಚ್ಚಬೇಕಲ್ರಿ."

"ಕುಂತಿದ್ದಕ್ಕೂ ಪಗಾರ ಐತಿ ಅಂದ್ರ ನಾನೂ ಬಂದು ಕುಂದರ್ತೀನಿ ತಗೋ!"

ಎಲ್ಲರೂ ಹೋ ಎಂದು ನಕ್ಕರು. ಅಧ್ಯಕ್ಷರಾದ ಕರಿಸಿದ್ದಪ್ಪನವರಂತೂ ಮೇಜು ಬಡಿದರು. ಇನ್ನು ಮೇಲೆ ಜನರೇಟರ್ ಓಡಿದಷ್ಟು ಹೊತ್ತಿಗೆ ಮಾತ್ರ ದುಡ್ಡು, ಓಡದಿದ್ದರೆ ಇಲ್ಲ ಎಂದು ಠರಾವು ಆಯಿತು. ಚಪ್ಪಾಳೆಯೂ ಬಿತ್ತು.

ಅವನೂ ನಕ್ಕಿದ್ದ, ಹೆಗಲ ಮೇಲಿನ ಟವೆಲ್ಲಿನ ತುದಿ ಹಿಂಡುತ್ತಾ. ಮನೆಗೆ ಬಂದು ರೊಟ್ಟಿ ಬಡಿಯುವಾಗ ಆ ನಗು ನೆನಪಾಯಿತು. ಅವನಿಗೆ ನಗು ಯಾಕೆ ಬಂತು? ಕಿವಿ ಯಾಕೋ ಬಿಸಿಯಾಯಿತು. ಹೋಗಲಿ ಬಿಡು. ಲೆಕ್ಕ ಅಂದರೆ ಲೆಕ್ಕ.

ಫೆಬ್ರುವರಿ ೧೬, ಭಾನುವಾರ

ಹೊಸ ಠರಾವಿನ ಮೊದಲ ಮದುವೆ. ಕರೆಂಟು ಒಂದು ಕ್ಷಣವೂ ಹೋಗಲಿಲ್ಲ. ಚೌಡ ಬೆಳಕು ಹರಿಯುವ ಮೊದಲೇ ಬಂದು ಹಿಂದಿನ ಶೆಡ್ಡಿನಲ್ಲಿ ಕೂತಿದ್ದ. ಸಂಜೆ ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದ.

"ಅಕ್ಕಾರ, ಟ್ರ್ಯಾಕ್ಟರಿನ ಬಾಡಿಗಿ ಆದ್ರೂ ಕೊಡ್ರಿ. ಕೂಡ್ಲಿಗಿ ಶಾಮಿಯಾನದವ್ರು ಇವತ್ತ ಕರದಿದ್ರು. ನಿಮ್ಮದು ಐತಿ ಅಂತ ಬಿಟ್ಟು ಬಂದೀನಿ."

ಎಲ್ಲರೆದುರು ಮಾಡಿದ ಠರಾವು, ಎರಡೇ ವಾರಕ್ಕೆ ಮುರಿದರೆ ನನ್ನ ಮಾತಿಗೆ ಏನು ಬೆಲೆ? ಆಗುವುದಿಲ್ಲ ಎಂದೆ. ಬರಿಗೈಲಿ ಕಳಿಸಬಾರದೆಂದು ಊಟದಲ್ಲಿ ಉಳಿದಿದ್ದ ಸಿಹಿ ಮಾದಲಿಯನ್ನು ಒಂದು ದೊಡ್ಡ ಕವರಿನಲ್ಲಿ ಕಟ್ಟಿಸಿ ಕೊಟ್ಟೆ. ಅವನ ಹೆಂಡತಿ ಬೊಮ್ಮಮ್ಮ ನಮ್ಮಲ್ಲೇ ಪಾತ್ರೆ ತಿಕ್ಕುತ್ತಾಳೆ. ಅವಳು ನಲ್ಲಿಯ ಹತ್ತಿರ ಕೂತು ನೋಡುತ್ತಿದ್ದಳು. ಅವನು ಬೇಡವೆನ್ನಲಿಲ್ಲ, ತೆಗೆದುಕೊಂಡ.

ಬೇಡ ಎಂದಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೨, ಭಾನುವಾರ

ನೋಡಿ, ಇದು ನ್ಯಾಯ. ಇವತ್ತು ಸರಿಯಾಗಿ ಅಕ್ಷತೆ ಬೀಳುವ ಹೊತ್ತಿಗೆ ಕರೆಂಟು ಹೋಯಿತು. ಮೈಕು ಗಪ್ಪಾಯಿತು, ಸ್ವಾಮಿಗಳ ಮಂತ್ರ ಅರ್ಧಕ್ಕೆ ನಿಂತಿತು. ಚೌಡ ಚಕ್ಕನೆ ಜನರೇಟರ್ ಹಚ್ಚಿದ. ಎರಡು ತಾಸು ಓಡಿತು, ಎರಡು ತಾಸಿನ ದುಡ್ಡು ಕೊಟ್ಟೆ. ಅವನಿಗೂ ಸಮಾಧಾನ, ನನಗೂ ಸಮಾಧಾನ. ಮಾದಲಿ ಕಟ್ಟಿ ಕೊಡುವ ಪ್ರಸಂಗ ಬರಲಿಲ್ಲ.

ಮಾರ್ಚ್ ೧೬, ಭಾನುವಾರ

ಮತ್ತೆ ಹೋಯಿತು. ಮೊನ್ನೆ ಗುರುವಾರದ ಮದುವೆಯಲ್ಲೂ ಹೋಗಿತ್ತು. ಅಕ್ಷತೆಯ ಹೊತ್ತಿಗೇ ಹೋಗುತ್ತದೆ, ಅದೇನು ಕರ್ಮವೋ.

ಕರಿಸಿದ್ದಪ್ಪನವರು ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೂಗಿದರು. "ಏನ್ ತಂಗೀ, ನೀನು ಕಾರ್ಯದರ್ಶಿ ಆದಾಗಿಂದ ನಮ್ಮ ಕರೆಂಟಿಗೆ ದೃಷ್ಟಿ ಆಗೇತಲ್ಲ!" ತಮಾಷೆಗೇ ಅಂದದ್ದು. ಆದರೆ ಪಕ್ಕದಲ್ಲಿದ್ದ ಅವರ ಅಕ್ಕ ನಾಗಲಿಂಗಮ್ಮ ನಗಲಿಲ್ಲ. "ಕೈಗುಣ ಅಂತ ಒಂದು ಇರತೈತಿ" ಎಂದು ಎಲೆ ನೋಡಿಕೊಂಡೇ ಹೇಳಿದರು. ಬಡಿಸುತ್ತಿದ್ದ ಸೌಟು ನನ್ನ ಕೈಯಲ್ಲೇ ನಿಂತಿತು. ಆ ಪಂಕ್ತಿ ಮುಗಿಯುವವರೆಗೆ ತಲೆ ಎತ್ತಲಾಗಲಿಲ್ಲ.

ಏಪ್ರಿಲ್ ೨೦, ಭಾನುವಾರ

ಇವತ್ತು ಗೆದ್ದೆ. ಗೆದ್ದದ್ದನ್ನು ಪೂರಾ ಬರೆದಿಡಬೇಕು.

ಕರಿಸಿದ್ದಪ್ಪನವರ ತಮ್ಮನ ಮಗಳ ಮದುವೆ. ಊರಿಗೆ ಊರೇ ಸೇರಿತ್ತು. ಅಕ್ಷತೆಯ ಹೊತ್ತಿಗೆ ಮತ್ತೆ ಕರೆಂಟು ಹೋಯಿತು. ಜನರೇಟರ್ ಹೊತ್ತುವಷ್ಟರಲ್ಲಿ ಇಡೀ ಮಂಟಪವೇ ತಿರುಗಿ ನನ್ನನ್ನೇ ನೋಡಿದ ಹಾಗಾಯಿತು. ನಾಗಲಿಂಗಮ್ಮನವರು ಹಣೆ ಮುಟ್ಟಿಕೊಂಡು ಏನೋ ಗೊಣಗಿದರು. ಕಣ್ಣಲ್ಲಿ ನೀರು ಬಂತು. ಯಾರಿಗೂ ಕಾಣಬಾರದೆಂದು ಅಡಿಗೆಮನೆ ದಾಟಿ ಹಿತ್ತಲಿಗೆ ಹೋದೆ.

ಹಿತ್ತಲ ಗೋಡೆಯಾಚೆ ಗಾದೆಮ್ಮನ ಹಿಟ್ಟಿನ ಗಿರಣಿ. ಗಿರಣಿ ಓಡುತ್ತಿತ್ತು. ಕಣ್ಣೊರೆಸಿಕೊಳ್ಳುತ್ತಿದ್ದವಳು ಹಾಗೇ ನಿಂತೆ.

"ಗಾದೆಮ್ಮಾ, ನಿನಗ ಕರೆಂಟ್ ಐತೇನು?"

"ಐತಲ್ರೀ ಅಕ್ಕಾರ. ಮುಂಜಾನಿಂದ ಹೋಗೇ ಇಲ್ಲ."

ನಮ್ಮ ಶೆಡ್ಡಿನ ಗೋಡೆಗೆ ಒಂದು ದೊಡ್ಡ ಕಬ್ಬಿಣದ ಸ್ವಿಚ್ಚಿದೆ. ಹಿಡಿಕೆ ಮೇಲಕ್ಕೆ ತಳ್ಳಿದರೆ ಮಂಟಪಕ್ಕೆ ಕರೆಂಟು, ಕೆಳಗೆ ಎಳೆದರೆ ಜನರೇಟರು. ಒಳಗೆ ಹೋಗಿ ಹಿಡಿಕೆಯನ್ನು ಮೇಲಕ್ಕೆ ತಳ್ಳಿದೆ. ಮಂಟಪದ ದೀಪಗಳು ಉರಿಯುತ್ತಲೇ ಇದ್ದವು. ಕರೆಂಟು ಹೋಗಿರಲೇ ಇಲ್ಲ! ಇವನೇ ಪ್ರತಿ ಮದುವೆಯಲ್ಲೂ ಹಿಡಿಕೆ ಎಳೆದು, ಕರೆಂಟ್ ಹೋಯಿತೆಂದು ಕೂಗಿ, ಜನರೇಟರ್ ಹಚ್ಚುತ್ತಿದ್ದ. ನಾನು ಕೈಗುಣದ ಮಾತು ಕೇಳಿಕೊಂಡು ಅಳುತ್ತಿದ್ದೆ.

ನನಗೆ ಮೈಯೆಲ್ಲ ಬೆಂಕಿ ಹತ್ತಿತು. "ಬರ್ರಿ, ಎಲ್ಲಾರೂ ಬರ್ರಿ, ಕಳ್ಳನ್ನ ನೋಡ್ರಿ!" ಎಂದು ಕೂಗಿದೆ. ಅಕ್ಷತೆ ಕೈಯಲ್ಲಿದ್ದವರೂ ಓಡಿಬಂದರು. ಫೋನುಗಳು ಮೇಲೆದ್ದವು. ಚೌಡ ಜನರೇಟರಿನ ಪಕ್ಕದಲ್ಲಿ ನಿಂತಿದ್ದ. ಓಡಿ ಹೋಗಲೂ ಇಲ್ಲ.

"ಲೇ ಚೌಡ್ಯಾ, ಇದೇನಲೇ?" ಎಂದರು ಕರಿಸಿದ್ದಪ್ಪನವರು.

ಅವನು ನನ್ನ ಕಡೆ ತಿರುಗಿದ. "ಓಡಿದ್ರ ಕೊಡ್ತೀನಿ ಅಂದ್ರಿ ಅಕ್ಕಾರ. ಓಡಿಸಿದೆ."

ಎಷ್ಟು ಸೊಕ್ಕು! ನಾನು ಬಾಯಿಗೆ ಬಂದ ಹಾಗೆ ಬೈದೆ. ಯಾರೋ ಅವನ ಟವೆಲ್ ಕಿತ್ತು ಬಿಸಾಕಿದರು. ಬೊಮ್ಮಮ್ಮ ಮೊಣಕೈವರೆಗೆ ಸೋಪಿನ ನೊರೆಯಲ್ಲಿ ಎದ್ದು ಬಂದು, ಟವೆಲ್ ಎತ್ತಿಕೊಂಡು, ಗಂಡನ ಕೈ ಹಿಡಿದು ಕರೆದುಕೊಂಡು ಹೋದಳು. ನಾಗಲಿಂಗಮ್ಮನವರು ನನ್ನ ಬೆನ್ನು ಸವರಿ, "ಪಾಪ, ನಿನಗ ಸುಮ್ನ ಅಂದಿದ್ವಿ" ಎಂದರು. ನನ್ನ ಮೇಲಿನ ಅಪವಾದ ತೊಳೆದುಹೋಯಿತು.

ಏಪ್ರಿಲ್ ೨೧, ಸೋಮವಾರ

ವಿಡಿಯೋ ಎಲ್ಲ ಗ್ರೂಪುಗಳಲ್ಲೂ ಓಡಾಡುತ್ತಿದೆ. 'ಮಂಟಪದ ಕರೆಂಟ್ ಕಳ್ಳ' ಎಂದು ಹೆಸರಿಟ್ಟಿದ್ದಾರೆ. ಕೊಟ್ಟೂರಿನಿಂದ ನನ್ನ ತಂಗಿ ಪುಷ್ಪಲತಾ ಫೋನ್ ಮಾಡಿ, "ಅಕ್ಕಾ, ಏನ್ ಗಂಟಲು ನಿಂದು!" ಎಂದು ನಕ್ಕಳು.

ನಾನೂ ಹಾಕಿ ನೋಡಿದೆ. ನನ್ನ ದನಿ ಹಾಗಿದೆಯೆಂದು ನನಗೆ ಗೊತ್ತಿರಲಿಲ್ಲ. ಥೂ. ಅವನು ಒಂದೇ ಒಂದು ಮಾತಾಡಿದ್ದಾನೆ, ಅದೂ ಮೆಲ್ಲಗೆ. ಉಳಿದದ್ದೆಲ್ಲ ನಾನೇ. ನೊರೆ ಹತ್ತಿದ ಕೈಯ ಬೊಮ್ಮಮ್ಮ ಬಂದು ನೆಲದಿಂದ ಟವೆಲ್ ಎತ್ತುವುದು ಕೊನೆಯಲ್ಲಿ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿದೆ.

ಊಟಕ್ಕೆ ಬಂದ ಇವರಿಗೆ ಹೇಳಿದೆ, ಕಳ್ಳತನ ಕಳ್ಳತನವೇ ಅಲ್ಲವೇ ಎಂದು. ಇವರು ರೊಟ್ಟಿ ಮುರಿಯುತ್ತಾ, "ಹೌದೌದು. ನಮ್ಮ ಗೋಡೌನಿನ ವಾಚ್‌ಮನ್ನಿಗೂ ಕಳ್ಳ ಬಂದ ದಿನ ಅಷ್ಟ ಪಗಾರ ಕೊಡೂಣು ಬಿಡು. ಅವಾಗ ದಿನಾ ಒಬ್ಬ ಕಳ್ಳ ಬರ್ತಾನ" ಎಂದರು. ಹೇಳಿ ನಕ್ಕರು. ತಮಾಷೆಯ ಮನುಷ್ಯ. ನಾನು ತಟ್ಟೆ ಸರಿಸಿ ಎದ್ದೆ.

ಏಪ್ರಿಲ್ ೨೫, ಶುಕ್ರವಾರ

ಬುಧವಾರ ಬಸವ ಜಯಂತಿ, ಅಕ್ಷಯ ತೃತೀಯವೂ ಅಂದೇ. ಎಲ್ಲೆಲ್ಲೂ ಮದುವೆ. ನಮ್ಮ ಮಂಟಪಕ್ಕೆ ಜನರೇಟರ್ ಇಲ್ಲ.

ಹರಪನಹಳ್ಳಿ, ಕೊಟ್ಟೂರು, ಹಡಗಲಿ ಎಲ್ಲ ಕಡೆ ಫೋನ್ ಹಚ್ಚಿದೆ. ಎಲ್ಲರೂ ಮೊದಲು ಕೇಳುವುದು ಒಂದೇ: "ನಿಂತ ಬಾಡಿಗಿ ಎಷ್ಟು ಕೊಡ್ತೀರಿ?" ಹಾಗೆಂದರೆ ಏನೆಂದು ಹಡಗಲಿಯವನನ್ನು ಕೇಳಿದೆ. ಅವನು ಚಿಕ್ಕ ಮಗುವಿಗೆ ಹೇಳಿದ ಹಾಗೆ ಹೇಳಿದ. "ಅಮ್ಮಾರ, ಓಡಿದ್ದು ಡೀಸೆಲ್ಲಿನ ಲೆಕ್ಕ. ನಿಂತಿದ್ದು ನಮ್ಮ ಲೆಕ್ಕ. ಕರೆಂಟ್ ಹೋದ್ರ ಅಂತ ನೀವು ಹೆದರತೀರಲ್ಲ, ಆ ಹೆದರಿಕಿ ಬ್ಯಾಡ ಅಂತ ನಾವು ಬಂದು ನಿಂತಿರ್ತೀವಿ. ಅದಕ್ಕ ರೊಕ್ಕ." ಆಮೇಲೆ ಯಾವ ಮಂಟಪ ಎಂದು ಕೇಳಿದ. ಹೇಳಿದೆ. "ಓ, ವಿಡಿಯೋದ್ದೇನ್ರಿ?" ಎಂದು ಫೋನ್ ಇಟ್ಟುಬಿಟ್ಟ.

ಹಾಗಾದರೆ ಎಲ್ಲ ಊರಲ್ಲೂ ಕೊಡುತ್ತಾರೆ. ಕೊಡದವಳು ನಾನೊಬ್ಬಳೇ. ಅದನ್ನು ಚಪ್ಪಾಳೆ ಹೊಡೆಸಿಕೊಂಡು ಮಾಡಿದೆನಲ್ಲ, ನನ್ನ ಬುದ್ಧಿಗಿಷ್ಟು.

ಬುಧವಾರದ ಮದುವೆ ಯರ್ರಿಸ್ವಾಮಿಯದು, ಅಂದರೆ ಅವರ ಮಗಳದು. ಬಸ್ ಸ್ಟ್ಯಾಂಡಿನಲ್ಲಿ ಹಣ್ಣಿನ ಗಾಡಿ ಇಟ್ಟವರು. ಸಂಜೆ ಬಂದು ಜನರೇಟರ್ ಕೇಳಿದರು. "ಹಗಲು ಹೊತ್ತಿನ್ಯಾಗ ಕರೆಂಟ್ ಎಲ್ಲಿ ಹೋಗ್ತೈತ್ರಿ ಈಗ, ನೀವು ಚಿಂತಿ ಮಾಡಬ್ಯಾಡ್ರಿ" ಎಂದೆ. ನಂಬಿ ಹೋದರು.

ಏಪ್ರಿಲ್ ೩೦, ಬುಧವಾರ

ಬೆಳಿಗ್ಗೆಯೇ ಗಾಳಿ ಎದ್ದಿತು. ಹನ್ನೊಂದರ ಸುಮಾರಿಗೆ ಮಳೆ, ಗುಡುಗು. ಕೊಟ್ಟೂರು ರಸ್ತೆಯಲ್ಲಿ ಮರ ಬಿದ್ದು ಕಂಬಗಳು ಮುರಿದವಂತೆ. ಇವತ್ತು ಕರೆಂಟು ನಿಜವಾಗಿ ಹೋಯಿತು. ಗಾದೆಮ್ಮನ ಗಿರಣಿಯೂ ನಿಂತಿತ್ತು. ನಾನು ಹೋಗಿ ನೋಡಿ ಬಂದೆ, ನಾಚಿಕೆಗೆಟ್ಟವಳು.

ಅಕ್ಷತೆ ಹೇಗೋ ಆಯಿತು. ಊಟದ ಹೊತ್ತಿಗೆ ಮೇಲಿನ ಟ್ಯಾಂಕು ಖಾಲಿಯಾಯಿತು. ಮೋಟರ್ ಹಚ್ಚಲು ಕರೆಂಟಿಲ್ಲ. ಇಟ್ಟಿಗಿ ಗ್ರಾಮದಿಂದ ಬಂದಿದ್ದ ಗಂಡಿನ ಕಡೆಯವರು ಎಂಜಲು ಕೈ ಹಿಡಿದುಕೊಂಡು ನಲ್ಲಿಯ ಮುಂದೆ ಸಾಲು ನಿಂತರು. ಗಂಡಿನ ಸೋದರಮಾವನಿಗೆ ಸಿಟ್ಟು ಬಂತು. "ಕೈ ತೊಳಿಯೋಕೂ ನೀರಿಲ್ಲದ ಮನಿಗೆ ತಂದ್ರೇನ್ರಪ್ಪಾ ನಮ್ಮನ್ನ?" ಎಂದು ಎಲ್ಲರೆದುರು ಕೂಗಾಡಿದರು.

ಯರ್ರಿಸ್ವಾಮಿ ಅವರ ಕಾಲು ಹಿಡಿದರು. ಎಂಜಲು ನೆಲದಲ್ಲಿ ಹೊಸ ಪಂಚೆಯ ಮೊಣಕಾಲೂರಿ, "ತಪ್ಪಾತ್ರಿ ಬೀಗರ, ನಂದು ತಪ್ಪಾತು" ಎಂದರು. ಅವರದೇನು ತಪ್ಪು? ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಹೊಸ ರೇಷ್ಮೆ ಸೀರೆ ಉಟ್ಟುಕೊಂಡು ಗೊಂಬೆಯ ಹಾಗೆ ನಿಂತಿದ್ದೆ.

ಆಮೇಲೆ ನನ್ನ ಹತ್ತಿರ ಬಂದು ಅವರು ಬೈಯಲೂ ಇಲ್ಲ. "ಮಳಿಗೆ ಯಾರೇನ್ ಮಾಡಾಕ ಬರ್ತೈತ್ರಿ ಅಕ್ಕಾರ" ಎಂದರು. ಅಯ್ಯೋ ಶಿವನೇ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮೇ ೨, ಶುಕ್ರವಾರ

ಬರೆಯಲು ಏನೂ ಇಲ್ಲ. ಹೊರಗೆ ಹೋಗಲಿಲ್ಲ.

ಮೇ ೪, ಭಾನುವಾರ

ಮೀಟಿಂಗ್ ಕರೆದೆ. ಜನರೇಟರಿಗೆ ನಿಂತ ಬಾಡಿಗೆ ಕೊಡಬೇಕು, ಓಡಿದರೆ ಡೀಸೆಲ್ ಬೇರೆ ಕೊಡಬೇಕು, ಚೌಡಣ್ಣನನ್ನೇ ಮತ್ತೆ ಕರೆಯಬೇಕು ಎಂದೆ. ಕರಿಸಿದ್ದಪ್ಪನವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ತಂಗೀ, ನೀನ ಹಿಡದಿ, ನೀನ ಓಡಿಸಿದಿ. ಈಗ ನೀನ ಕರೀರಿ ಅಂತಿ. ನಾಳಿ ಅವ ಮತ್ತ ಕೈಚಳಕ ತೋರಿಸಿದ್ರ?"

"ನಿಂತಿದ್ದಕ್ಕ ಕೊಟ್ರ ಯಾಕ ತೋರಿಸ್ತಾರ್ರಿ? ಓಡಿದ್ರ ಅಷ್ಟ ಅಂತ ಹೇಳಿ ನಾವ ಅವ್ರನ್ನ ಕಳ್ಳ ಮಾಡಿದ್ವಿ."

ನಾವು ಎಂದೆ. ನಾನು ಎಂದು ಹೇಳಬೇಕೆಂದೇ ಹೋಗಿದ್ದೆ. ಬಾಯಿಗೆ ಬರುವಷ್ಟರಲ್ಲಿ ನಾವು ಆಯಿತು. 'ನಾವು' ಎಂದದ್ದಕ್ಕೆ ಎಲ್ಲರೂ ಮುಖ ಗಂಟು ಹಾಕಿಕೊಂಡರು. ಅದೂ ಸರಿಯೇ, ಅವರೇನು ಮಾಡಿದ್ದರು? ನಕ್ಕಿದ್ದರು, ಅಷ್ಟೇ. ನಗಿಸಿದವಳು ನಾನು.

ಯರ್ರಿಸ್ವಾಮಿಯವರ ಮದುವೆ ಎಲ್ಲರಿಗೂ ನೆನಪಿತ್ತು, ಹಾಗಾಗಿ ಠರಾವು ಪಾಸಾಯಿತು.

ಮೇ ೮, ಗುರುವಾರ

ಇವರ ಸ್ಕೂಟರಿನಲ್ಲಿ ಚೌಡಣ್ಣನವರ ಹಳ್ಳಿಗೆ ಹೋದೆವು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಹೋದೆ: ನಂದು ತಪ್ಪಾಯಿತು, ಕ್ಷಮಿಸಿರಿ. ಎಷ್ಟು ಸಣ್ಣ ಮಾತು.

ಮನೆ ಮುಂದೆ ಜನರೇಟರ್ ತಾಡಪಾಲಿನಡಿ ನಿಂತಿತ್ತು, ಮೇಲೆ ಒಂದು ಕೋಳಿ ಕೂತಿತ್ತು. ಬೊಮ್ಮಮ್ಮ ಹೊರಗೆ ಬಂದರು, ನನ್ನನ್ನು ನೋಡಿ ಚಾಪೆ ಹಾಸಿದರು.

"ಬರ್ರಿ ಅಕ್ಕಾರ, ಕುಂದರ್ರಿ. ನಮ್ಮ ಮನ್ಯಾಗ ಕುಂತಿದ್ದಕ್ಕ ಲೆಕ್ಕ ಕೇಳಂಗಿಲ್ಲ."

ನೆಲ ಬಾಯಿ ಬಿಡಬಾರದೇ ಎನಿಸಿತು. "ಬೊಮ್ಮಮ್ಮಾ, ಹಂಗನಬ್ಯಾಡ್ರಿ" ಎಂದೆ.

"ನಾ ಏನಂದೆ? ನೀವಂದಿದ್ದು ಊರಿಗೆಲ್ಲಾ ಕೇಳೇತಿ. ಶಾಮಿಯಾನದವ್ರು ಕರಿಯಂಗಿಲ್ಲ. ಯಾರ ಮನ್ಯಾಗ ಬಲ್ಬ್ ಹೋದ್ರೂ ಚೌಡ್ಯಾ ಬಂದಿದ್ನೇನು ಅಂತ ಕೇಳಿ ನಗತಾರ. ಕಂಬ ರಿಪೇರಿ ಮಾಡವ್ರು ಬಂದ್ರ ಸೈತ ಇವ್ರು ಒಳಗ ಹೋಗಿ ಕದಾ ಹಾಕ್ಯಂತಾರ."

ಒಳಗಿಂದ ಚೌಡಣ್ಣನವರು ಬಂದರು. ಎರಡೇ ವಾರದಲ್ಲಿ ಮುಖ ಇಳಿದುಹೋಗಿದೆ. "ಸಾಕು ಬಿಡ, ಮನಿಗೆ ಬಂದಾರ" ಎಂದು ಹೆಂಡತಿಗೆ ಹೇಳಿ ನೆಲದ ಮೇಲೆ ಕೂತರು.

ನಾನು ಬಾಯಿ ತೆರೆದೆ. ಬಂದದ್ದು ದರ. ನಿಂತ ಬಾಡಿಗೆ ಎಷ್ಟು, ಡೀಸೆಲ್ಲಿಗೆ ಎಷ್ಟು, ಇದೇ ಹದಿನೆಂಟಕ್ಕೆ ಮದುವೆ. ಬದನೆಕಾಯಿ ಮಾರುವವಳ ಹಾಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಆಗಲಿ ಎಂದರು. ಬೊಮ್ಮಮ್ಮ ಕೊಟ್ಟ ಮಜ್ಜಿಗೆ ಕುಡಿದು ಎದ್ದೆ.

ಸ್ಕೂಟರಿನಲ್ಲಿ ಇವರು ಕೇಳಿದರು: "ಅದನ್ನ ಹೇಳಿದೇನು?" ಹೇಳಲಿಲ್ಲ ಎಂದೆ.

ಮೇ ೧೮, ಭಾನುವಾರ

ಚೌಡಣ್ಣನವರು ಬಂದರು. ಕರೆಂಟು ಹೋಗಲಿಲ್ಲ.

ಮೊದಲೆಲ್ಲ ಶೆಡ್ಡಿನ ನೆರಳಲ್ಲಿ, ಸ್ವಿಚ್ಚಿನ ಕೆಳಗೇ ಕೂತಿರುತ್ತಿದ್ದರು. ಇವತ್ತು ಹಿತ್ತಲಿನ ನಟ್ಟನಡುವೆ ಒಂದು ಸಿಮೆಂಟಿನ ಇಟ್ಟಿಗೆಯ ಮೇಲೆ ಬಿಸಿಲಲ್ಲಿ ಕೂತಿದ್ದರು, ಶೆಡ್ಡಿಗೆ ಬೆನ್ನು ಹಾಕಿ. ನೆರಳಿಗೆ ಹೋಗಿ ಕೂಡಿರಿ ಎಂದೆ. "ಇಲ್ಲೇ ಇರ್ತೀನ್ರಿ, ಎಲ್ಲಾರಿಗೂ ಕಾಣ್ತೀನಿ" ಎಂದರು. ಎರಡೂ ಕೈ ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ಊಟಕ್ಕೂ ಒಳಗೆ ಬರಲಿಲ್ಲ, ಬೊಮ್ಮಮ್ಮ ಅಲ್ಲಿಗೇ ಎಲೆ ತಂದುಕೊಟ್ಟರು.

ಸಂಜೆ ಬಾಡಿಗೆ ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡರು.

"ಓಡಲಿಲ್ಲಲ್ರಿ ಅಕ್ಕಾರ."

"ಓಡದಿದ್ರೂ ಕೊಡೋದ ಈಗ. ಠರಾವು ಆಗೇತಿ."

"ನೀವು ಕೊಡ್ತೀರಿ. ನೋಡವ್ರು ಏನಂತಾರ? ಚೌಡ್ಯಾ ಮತ್ತ ಸುಮ್ನ ಹೊಡಕಂಡು ಹೋದ ಅಂತಾರ. ಬ್ಯಾಡ್ರಿ."

ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ. ಟ್ರ್ಯಾಕ್ಟರಿನವನಿಗೆ ತಮ್ಮ ಕೈಯಿಂದಲೇ ಕೊಟ್ಟು ಹೋದರು. ರಾತ್ರಿ ಇವರ ಕೈಯಲ್ಲಿ ಕಳಿಸಿದರೆ ಅದೂ ಹಾಗೇ ವಾಪಸ್ ಬಂತು. ನ್ಯಾಯವಾಗಿ ಸೇರಬೇಕಾದ ದುಡ್ಡನ್ನು ಮುಟ್ಟಲು ಮನುಷ್ಯ ಹೆದರುವ ಹಾಗೆ ಮಾಡಿಟ್ಟಿದ್ದೇನೆ.

ಜೂನ್ ೮, ಭಾ

ಭಾನುವಾರ ಎಂದು ಪೂರ್ತಿ ಬರೆಯಲೂ ಆಗಲಿಲ್ಲ.

ಈ ಹಂಗಾಮಿನ ಕೊನೆಯ ಮದುವೆ. ನಾಗಲಿಂಗಮ್ಮನವರ ಮೊಮ್ಮಗನದು. ಚೌಡಣ್ಣನವರು ಮತ್ತೆ ಅದೇ ಬಿಸಿಲಲ್ಲಿ, ಶೆಡ್ಡಿಗೆ ಬೆನ್ನು ಹಾಕಿ. ಮಧ್ಯಾಹ್ನವಾದರೂ ಕರೆಂಟು ಗಟ್ಟಿಯಾಗಿತ್ತು. ಇವತ್ತೂ ಬರಿಗೈಲಿ ಹೋಗುತ್ತಾರೆ ಎಂದುಕೊಂಡೆ. ಬೊಮ್ಮಮ್ಮ ಪಾತ್ರೆ ತಿಕ್ಕುತ್ತಾ ಒಂದು ಸಲ ಅವರ ಕಡೆ ನೋಡಿ, ಮತ್ತೆ ತಲೆ ಬಗ್ಗಿಸಿದರು. ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ.

ಓಡಿದರೆ ತಾನೇ ತೆಗೆದುಕೊಳ್ಳುವುದು? ಓಡಲಿ. ನೆಟ್ಟಗೆ ಶೆಡ್ಡಿನೊಳಗೆ ಹೋದೆ, ಹಿಡಿಕೆಯನ್ನು ಕೆಳಗೆ ಎಳೆದೆ.

ಒಳಗೆ ಮಂಟಪದಲ್ಲಿ ಹೋ ಎಂದರು. ನಾನು ಹೊರಗೆ ಬಂದು, "ಚೌಡಣ್ಣಾರ, ಕರೆಂಟ್ ಹೋತು, ಹಚ್ರಿ" ಎಂದೆ. ಗೋಡೆಯಾಚೆ ಗಾದೆಮ್ಮನ ಗಿರಣಿ ಗರಗರ ಓಡುತ್ತಿತ್ತು. ಅವರು ಗಿರಣಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಮುಖ ಬಿಳಿಚಿತು. ಆದರೂ ಎದ್ದು ಹೋಗಿ ಹಚ್ಚಿದರು.

ಒಳ್ಳೆಯದು ಮಾಡಿದೆನೆಂದು ಎದೆ ಉಬ್ಬುತ್ತಿರುವಷ್ಟರಲ್ಲೇ ಕರಿಸಿದ್ದಪ್ಪನವರು ಬಂದರು. ಹಿಂದೆ ಹತ್ತು ಹದಿನೈದು ಜನ. ಅವರಿಗೂ ಗಿರಣಿಯ ಸದ್ದು ಕೇಳಿತು. ಈಗ ಆ ಸದ್ದಿನ ಅರ್ಥ ಊರಿಗೆಲ್ಲ ಗೊತ್ತು.

"ಲೇ ಚೌಡ್ಯಾ! ಮತ್ತ ಸುರು ಮಾಡಿದೇನಲೇ? ನಿಂತಿದ್ದಕ್ಕೂ ಕೊಡ್ತೀವಿ ಅಂದ್ರೂ ನಿನ್ನ ಚಾಳಿ ಬಿಡವಲ್ಲಿ!"

ಫೋನುಗಳು ಮೇಲೆದ್ದವು. ಬೊಮ್ಮಮ್ಮ ಎದ್ದು ನಿಂತರು. ಚೌಡಣ್ಣನವರು ಎರಡೂ ಕೈ ಮುಂದಕ್ಕೆ ಚಾಚಿ ಅಂಗೈ ತೋರಿಸಿದರು. ಸಣ್ಣ ಮಕ್ಕಳು ಮೇಷ್ಟ್ರಿಗೆ ತೋರಿಸುವ ಹಾಗೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಹೇಳುತ್ತೇನೆ ಎಂಬ ನಂಬಿಕೆ ಅವರಿಗೆ ಇರಲಿಲ್ಲ. ಯಾಕೆ ಇರಬೇಕು?

"ಅವ್ರಲ್ಲ" ಎಂದೆ. ಜನರೇಟರಿನ ಸದ್ದಿಗೆ ಯಾರಿಗೂ ಕೇಳಲಿಲ್ಲ. ಎಲ್ಲರ ನಡುವೆ ಹೋಗಿ ನಿಂತೆ. "ಅವ್ರಲ್ಲ! ಸ್ವಿಚ್ ಎಳದಿದ್ದು ನಾನು."

"ಹುಚ್ಚಿಡದೈತೇನು ತಂಗೀ?"

"ಇವತ್ತಿಂದು ಅಷ್ಟ ಅಲ್ರಿ, ಅವತ್ತಿಂದೂ ನಂದ. ಇವರು ಬಂದು ನಿಂತಿದ್ದಕ್ಕ ಬೆಲಿ ಇಲ್ಲ ಅಂದಿದ್ದು ನಾನು. ನೀವೆಲ್ಲಾ ನಗಲಿ ಅಂತ ಅಂದಿದ್ದೆ. ಬರಿಗೈಲಿ ಕಳಸಿದ್ದು ನಾನು. ಕಳ್ಳ ಅಂತ ಕೂಗಿದ್ದೂ ನಾನು. ವಿಡಿಯೋ ಮಾಡ್ಕಳ್ರಿ, ಇದನ್ನೂ ಕಳಸ್ರಿ ಎಲ್ಲಾರಿಗೂ. ಚೌಡಣ್ಣಾರ, ನಂದು ತಪ್ಪಾತ್ರಿ."

ದನಿ ಒಡೆದು ಕೀರಲಾಯಿತು. ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. ನಾಗಲಿಂಗಮ್ಮನವರು ಸೆರಗು ಬಾಯಿಗೆ ಹಿಡಿದು ನೋಡುತ್ತಿದ್ದರು. ಇವರು ಎಲ್ಲಿಂದಲೋ ಬಂದು ನನ್ನ ಪಕ್ಕದಲ್ಲಿ ನಿಂತಿದ್ದರು, ನಾನು ಗಮನಿಸಿರಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ. ಸತ್ತುಹೋಗಬೇಕೆನ್ನುವಷ್ಟು ನಾಚಿಕೆಯಾಯಿತು.

ಚೌಡಣ್ಣನವರು ಚಾಚಿದ ಕೈ ಇಳಿಸಿದರು. ನಿಧಾನವಾಗಿ ಹೋಗಿ ಹಿಡಿಕೆಯನ್ನು ಮೇಲಕ್ಕೆ ತಳ್ಳಿದರು, ಜನರೇಟರ್ ಆರಿಸಿದರು. ಸದ್ದೆಲ್ಲ ನಿಂತು ಗಿರಣಿಯದೊಂದೇ ಉಳಿಯಿತು. ನಾನು ಪರ್ಸಿನಿಂದ ಬಾಡಿಗೆ ತೆಗೆದು ಹಿಡಿದೆ, ಜೊತೆಗೆ ಸುಟ್ಟ ಡೀಸೆಲ್ಲಿನದೂ.

ಅವರು ಡೀಸೆಲ್ಲಿನ ನೋಟನ್ನು ಬೇರೆ ಮಾಡಿ ನನ್ನ ಕೈಗೇ ವಾಪಸ್ ಇಟ್ಟರು.

"ಓಡಿದ್ದಕ್ಕ ಬ್ಯಾಡ್ರಿ ಅಕ್ಕಾರ. ಅದು ಸುಳ್ಳ ಓಡೇತಿ." ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಮುಂಜಾನಿಂದ ನಿಂತೀನಿ. ಅದಕ್ಕ ಕೊಡ್ರಿ."

ಎರಡೂ ಕೈಯಲ್ಲಿ ಕೊಟ್ಟೆ. ಅವರು ಎಣಿಸದೆ ಜೇಬಿಗಿಟ್ಟುಕೊಂಡು, ಇಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಶೆಡ್ಡಿನ ನೆರಳಲ್ಲಿಟ್ಟು ಕೂತರು. ನನಗೆ ಅವರ ಮುಖ ನೋಡಲು ಆಗಲಿಲ್ಲ. ಊಟಕ್ಕೆ ಬರ್ರಿ ಎಂದಷ್ಟೇ ಹೇಳಿ ಒಳಗೆ ಬಂದೆ.